ಎರಡನೇ ಸಲ ಗೆಲ್ಲುವವರು ಯಾರು?

ಸುರಪುರ ಸೀಮೆಯಲ್ಲಿ ಮಳೆಗೆ ಬರ ಬಂದದ್ದುಂಟು, ಭವಿಷ್ಯ ಹೇಳುವವರಿಗೆ ಬರ ಬಂದದ್ದಿಲ್ಲ. ಕೊಡೇಕಲ್ ಬಸವಣ್ಣನವರ ಕಾಲಜ್ಞಾನದ ವಚನಗಳು ಹುಟ್ಟಿದ ನೆಲ ಇದು. ಅದು ದೊಡ್ಡವರ ಮಾತಾಯಿತು. ಸಣ್ಣವರ ಕಾಲಜ್ಞಾನ ಚಹಾದಂಗಡಿಯ ಬೆಂಚಿನ ಮೇಲೆ ನಡೆಯುತ್ತದೆ. ಈ ಸಲ ಹತ್ತಿ ಯಾವ ದರಕ್ಕೆ ಹೋದೀತು, ನಾರಾಯಣಪುರದ ಕಾಲುವೆಗೆ ನೀರು ಎಂದು ಬಿಟ್ಟಾರು, ಜಾತ್ರೆಯ ಕುಸ್ತಿಯಲ್ಲಿ ಬೆಳ್ಳಿ ಕಡಗ ಯಾವ ಊರಿನ ಪೈಲ್ವಾನನ ಕೈಗೆ ಬಿದ್ದೀತು?

ಸುರಪುರದ ಗುಡ್ಡದ ಮೇಲೆ ಇಂದಿಗೂ ನಿಂತಿರುವ ಟೇಲರ್ ಮಂಜಿಲ್ ನೋಡಿದವರಿಗೆ ಮೆಡೋಸ್ ಟೇಲರನ ಹೆಸರು ಗೊತ್ತಿರುತ್ತದೆ. 1841ರಿಂದ 1853ರವರೆಗೆ ಈ ಸಂಸ್ಥಾನದ ಆಡಳಿತ ನೋಡಿಕೊಂಡ ಆತ ತನ್ನ ಆತ್ಮಕಥೆಯಲ್ಲಿ ಒಂದು ಜಾತಕದ ಸಂಗತಿ ಬರೆದಿಟ್ಟಿದ್ದಾನೆ. ಬಾಲಕ ರಾಜಾ ವೆಂಕಟಪ್ಪ ನಾಯಕನ ಜಾತಕ ನೋಡಿದವರು, ಈತ ಇಪ್ಪತ್ನಾಲ್ಕನೇ ವರ್ಷ ದಾಟುವುದಿಲ್ಲ ಎಂದಿದ್ದರಂತೆ. ಬ್ರಿಟಿಷರ ವಿರುದ್ಧ ಎದ್ದು ನಿಂತು ಸೆರೆಯಾದ ಆ ತರುಣ ರಾಜ 1858ರಲ್ಲಿ, ಕಾವಲಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ, ದಾರಿಯಲ್ಲಿ ಗುಂಡೇಟಿನಿಂದ ಸತ್ತ. ಜಾತಕದ ಮಾತು ಇತಿಹಾಸದ ಪುಟಕ್ಕೆ ಸೇರಿಬಿಟ್ಟಿತು. ಅದೇ ಕಾಲದಲ್ಲಿ ಸುಳ್ಳಾದ ನೂರಾರು ಜಾತಕಗಳನ್ನು ಮಾತ್ರ ಯಾರೂ ಬರೆದಿಡಲಿಲ್ಲ. ನಿಜವಾದ ಒಂದು ಭವಿಷ್ಯಕ್ಕೆ ಇರುವ ಆಯುಷ್ಯ ಸುಳ್ಳಾದ ಸಾವಿರ ಭವಿಷ್ಯಗಳಿಗೆ ಇರುವುದಿಲ್ಲ.

ಕುಸ್ತಿಯ ಭವಿಷ್ಯ ಹೇಳುವುದರಲ್ಲಿ ಒಂದು ಅನುಕೂಲವಿದೆ. ಇಬ್ಬರನ್ನೂ ಕಣ್ಣಾರೆ ನೋಡಬಹುದು. ತೋಳು, ತೊಡೆ, ವಯಸ್ಸು, ಹಿಂದಿನ ವರ್ಷ ಯಾರನ್ನು ಚಿತ್ ಮಾಡಿದ್ದ ಎಂಬುದನ್ನೆಲ್ಲ ಲೆಕ್ಕ ಹಾಕಬಹುದು. ಆದರೆ ಅದೇ ಜೋಡಿ ಎರಡನೇ ಸಲ ಅಖಾಡಕ್ಕೆ ಇಳಿದಾಗ ಲೆಕ್ಕ ಕೆಡುತ್ತದೆ. ಒಬ್ಬನ ಬೆನ್ನಿಗೆ ಒಮ್ಮೆ ಮಣ್ಣು ಹತ್ತಿದೆ, ಇನ್ನೊಬ್ಬನ ಕೈಗೆ ಒಮ್ಮೆ ಕಡಗ ಬಂದಿದೆ. ಸೋತವನು ಮತ್ತೆ ಸೋಲುತ್ತಾನೆ ಎನ್ನುವುದೋ, ಈ ಸಲ ಸೇಡು ತೀರಿಸಿಕೊಳ್ಳುತ್ತಾನೆ ಎನ್ನುವುದೋ?

ಸುರಪುರದಲ್ಲೊಬ್ಬ ಮುದುಕನಿದ್ದಾನೆ. ಹರೆಯದಲ್ಲಿ ಕಾಯಿ ಕುಸ್ತಿಯಿಂದ ಸುರು ಮಾಡಿ ಕಡಗದ ಕುಸ್ತಿಯವರೆಗೆ ಹೋದವ. ಈಗ ಮೊಣಕಾಲು ಹಿಡಿದಿವೆ, ಬಾಯಿ ಹಿಡಿದಿಲ್ಲ. ಓಣಿಯ ಹುಡುಗರಿಗೆಲ್ಲ ಅವನು ‘ಮುತ್ಯಾ’. ಎರಡನೇ ಜೋಡಿಯ ಬಗ್ಗೆ ಅವನದು ಒಂದೇ ಸಿದ್ಧಾಂತ: “ಸೋತಾಂವ ಗೆಲ್ತಾನ. ಯಾಕಂದ್ರ ಸೋತಾಂವಗ ನಿದ್ದಿ ಹತ್ತಂಗಿಲ್ಲ, ಗೆದ್ದಾಂವಗ ಎಚ್ಚರ ಆಗಂಗಿಲ್ಲ.”

ಅವನ ಮಗನದು ಇದಕ್ಕೆ ತದ್ವಿರುದ್ಧ. ಶಹಾಪುರದಲ್ಲಿ ಮನೆ, ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ. ವರ್ಷದಲ್ಲಿ ಎಂಟು ತಿಂಗಳು ಗುಳೆಯಲ್ಲೇ ಕಳೆಯುವ ಮನುಷ್ಯ. ಅವನು ಹೇಳುವುದು: “ಒಮ್ಮಿ ಬಿದ್ದಾಂವ ಮತ್ತ ಬೀಳ್ತಾನ. ಬಿದ್ದ ಜಾಗಾನ ಬ್ಯಾರೆ ಇರ್ತದ, ಅಷ್ಟ.”

ಅಪ್ಪ-ಮಗನ ಈ ವಾದ ಕುಸ್ತಿಯ ಮಾತಾಗಿಯೇ ಉಳಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ 2024ರ ಮೇ ತಿಂಗಳಲ್ಲಿ ಅದು ಒಬ್ಬ ಹುಡುಗನ ಮೇಲೆ ಬಂದು ನಿಂತಿತು.

ಆ ಮೇ ತಿಂಗಳನ್ನು ಸುರಪುರದ ಮಂದಿ ಸುಲಭಕ್ಕೆ ಮರೆಯುವುದಿಲ್ಲ. ನೆತ್ತಿ ಸುಡುವ ಬಿಸಿಲು. ಅದರ ನಡುವೆ ಮೇ 7ರಂದು ಲೋಕಸಭೆಯ ಮತದಾನದ ಜೊತೆಗೇ ಸುರಪುರ ವಿಧಾನಸಭೆಯ ಉಪಚುನಾವಣೆ. ಶಾಸಕ ರಾಜಾ ವೆಂಕಟಪ್ಪ ನಾಯಕರು ಫೆಬ್ರುವರಿಯಲ್ಲಿ ತೀರಿಕೊಂಡಿದ್ದರಿಂದ ಬಂದ ಚುನಾವಣೆ ಅದು. 2013ರಲ್ಲಿ ಅವರು, 2018ರಲ್ಲಿ ನರಸಿಂಹ ನಾಯಕರು, 2023ರಲ್ಲಿ ಮತ್ತೆ ಅವರು, ಹೀಗೆ ಗೆಲುವು ಒಂದು ಮನೆಯಿಂದ ಇನ್ನೊಂದು ಮನೆಗೆ ಓಡಾಡಿದ್ದನ್ನು ನೋಡಿದವರಿಗೆ ಮರುಹೋರಾಟದ ಭವಿಷ್ಯ ಹೇಳುವುದು ಎಷ್ಟು ಕಷ್ಟವೆಂಬುದು ಚೆನ್ನಾಗಿ ಗೊತ್ತು. ಈ ಸಲ ಎದುರು ನಿಂತವರು ಅವರ ಮಗ ರಾಜಾ ವೇಣುಗೋಪಾಲ ನಾಯಕ ಮತ್ತು ಅದೇ ನರಸಿಂಹ ನಾಯಕ. ಎಣಿಕೆಗೆ ಜೂನ್ 4ರವರೆಗೆ ಕಾಯಬೇಕಿತ್ತು. (ಮಗನೇ ಗೆದ್ದ.) ಮತ ಹಾಕಲೆಂದು ಗುಳೆ ಹೋದವರೆಲ್ಲ ಊರಿಗೆ ಬಂದಿದ್ದರು. ಬಂದವರಲ್ಲಿ ಮುತ್ಯಾನ ಮಗನೂ ಒಬ್ಬ.

ಮತ ಹಾಕಿ ಎರಡು ದಿನಕ್ಕೆ, ಮೇ 9ರಂದು, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. 35 ಶೈಕ್ಷಣಿಕ ಜಿಲ್ಲೆಗಳ ಪಟ್ಟಿಯಲ್ಲಿ ಉಡುಪಿ ಶೇ. 94ರೊಂದಿಗೆ ಮೇಲೆ, ಯಾದಗಿರಿ ಶೇ. 50.59ರೊಂದಿಗೆ ಎಲ್ಲಕ್ಕಿಂತ ಕೆಳಗೆ. ಅಂದರೆ ಜಿಲ್ಲೆಯಲ್ಲಿ ಪರೀಕ್ಷೆ ಬರೆದ ಇಬ್ಬರಲ್ಲಿ ಹೆಚ್ಚುಕಡಿಮೆ ಒಬ್ಬ ನಪಾಸು. ಶಹಾಪುರದ ಈ ಹುಡುಗ ಆ ಒಬ್ಬನಾದ. ಉಳಿದೆಲ್ಲ ವಿಷಯಗಳಲ್ಲಿ ದಾಟಿದ್ದ, ಗಣಿತದಲ್ಲಿ ಬಿದ್ದಿದ್ದ.

ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಒಂದರ ಬದಲು ಎರಡು ಸೀಟು ಹೇಳಿಬಂದ. ಪಾಲಕರಾದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ತಂದೆಯನ್ನು ಕಲ್ಲೆದೆಯವನೆಂದು ಕರೆಯುವುದು ಸುಲಭ. ಆದರೆ ಅವನ ಭವಿಷ್ಯವಾಣಿಗೆ ಆಧಾರವಿತ್ತು. ಅವನೂ ತನ್ನ ಕಾಲದಲ್ಲಿ ಹತ್ತನೆಯ ಇಯತ್ತೆಯಲ್ಲಿ ನಪಾಸಾಗಿದ್ದ, ಎರಡು ಸಲ ಮತ್ತೆ ಕಟ್ಟಿದ್ದ, ಎರಡೂ ಸಲ ಬಿದ್ದಿದ್ದ. ಪ್ರತಿ ಸಲವೂ ಶಾಲೆಯ ಗೋಡೆಯ ಮೇಲೆ ಅಂಟಿಸಿದ ಹಾಳೆಯಲ್ಲಿ ತನ್ನ ನಂಬರು ಇಲ್ಲವೆಂಬುದೊಂದೇ ಅವನಿಗೆ ಸಿಕ್ಕ ಸುದ್ದಿ. ಎಲ್ಲಿ ಸೋತೆ, ಯಾವ ಲೆಕ್ಕದಲ್ಲಿ ಸೋತೆ ಎಂದು ಅವನಿಗೆ ತೋರಿಸಿದವರಿಲ್ಲ. ಕಣ್ಣು ಕಟ್ಟಿಕೊಂಡು ಮೂರು ಸಲ ಅಖಾಡಕ್ಕೆ ಇಳಿದವನಿಗೆ ‘ಬಿದ್ದಾಂವ ಮತ್ತ ಬೀಳ್ತಾನ’ ಎಂದಲ್ಲದೆ ಬೇರೆ ಏನು ಅನಿಸಬೇಕು?

ಮಾತು ಸುರಪುರಕ್ಕೆ ಮುಟ್ಟಿತು. ಮುತ್ಯಾ ಮೊಣಕಾಲು ನೋವಿನಲ್ಲೇ ಬಸ್ಸು ಹತ್ತಿ ಶಹಾಪುರಕ್ಕೆ ಬಂದ.

“ಪರೀಕ್ಷೆ-2 ಅಂತ ಜೂನ್‌ದಾಗ ಇಟ್ಟಾರಲ್ಲ, ಹೆಸರು ಹಚ್ಚೀಯೇನು?”

“ಹಚ್ಚಿ ಏನ್ ಮಾಡ್ಲಿ ಅಪ್ಪಾ? ಗಣಿತ ಅಂವಗ ಬರಂಗಿಲ್ಲ.”

“ಗಣಿತ ಬರಂಗಿಲ್ಲೋ, ಗಣಿತದಾಗ ಏನೋ ಒಂದು ಬರಂಗಿಲ್ಲೋ?”

ಈ ಪ್ರಶ್ನೆಗೆ ತಂದೆಯ ಬಳಿ ಉತ್ತರವಿರಲಿಲ್ಲ. ಹುಡುಗನ ಬಳಿಯೂ ಇರಲಿಲ್ಲ. ಕೊನೆಗೆ ತಂದೆ ಒಂದು ಸೀಟು ರದ್ದು ಮಾಡಿಸಿದ. “ಜೂನ್ ತನಕ ಬಿಡ್ತೀನಿ. ಆಮ್ಯಾಲ ನನ್ನ ಸಂಗಟ ಬರಬೇಕು” ಎಂದು ಹೇಳಿ ಒಬ್ಬನೇ ಬೆಂಗಳೂರಿಗೆ ಹೋದ.

ಇದೇ ದಿನಗಳಲ್ಲಿ ದೂರದ ರಿಯಾದಿನಲ್ಲಿ ಇನ್ನೊಂದು ಹಣಾಹಣಿ ನಡೆದಿತ್ತು. ಮೇ 18ರ ರಾತ್ರಿ, ನಮ್ಮಲ್ಲಿ 19ರ ಬೆಳಗಿನ ಜಾವ, ಉಕ್ರೇನಿನ ಓಲೆಕ್ಸಾಂಡರ್ ಉಸಿಕ್ ಮತ್ತು ಬ್ರಿಟನ್ನಿನ ಟೈಸನ್ ಫ್ಯೂರಿ ಹೆವಿವೇಟ್ ಬಾಕ್ಸಿಂಗಿನ ಪಟ್ಟಕ್ಕಾಗಿ ಎದುರಾದರು. ಫ್ಯೂರಿ ಆರಡಿ ಒಂಬತ್ತು ಅಂಗುಲದ ದೈತ್ಯ, ಉಸಿಕ್ ಅವನಿಗಿಂತ ಅರ್ಧ ಅಡಿ ಗಿಡ್ಡ. ನಡುವಿನ ಸುತ್ತುಗಳಲ್ಲಿ ಫ್ಯೂರಿ ಆಟವಾಡಿಸಿದ. ಎಂಟರಿಂದ ಗಾಳಿ ತಿರುಗಿತು. ಒಂಬತ್ತನೇ ಸುತ್ತಿನಲ್ಲಿ ಫ್ಯೂರಿ ಹಗ್ಗದಿಂದ ಹಗ್ಗಕ್ಕೆ ತೂರಾಡಿದ, ರೆಫರಿ ಎಣಿಕೆ ಹಾಕಿದ, ಗಂಟೆ ಬಾರಿಸಿ ಉಳಿದುಕೊಂಡ. ಹನ್ನೆರಡು ಸುತ್ತು ಮುಗಿದಾಗ ಇಬ್ಬರು ತೀರ್ಪುಗಾರರು ಉಸಿಕ್ ಕಡೆ, ಒಬ್ಬರು ಫ್ಯೂರಿ ಕಡೆ. ಮರುಪಂದ್ಯ ಆಗುವುದೆಂದು ಆಗಲೇ ಮಾತಾಗಿತ್ತು.

ಹುಡುಗ ಮೊಬೈಲಿನಲ್ಲಿ ಈ ಪಂದ್ಯದ ತುಣುಕುಗಳನ್ನು ಸುರಪುರದ ಕಟ್ಟೆಯ ಮೇಲೆ ಕೂತು ಮುತ್ಯಾನಿಗೆ ತೋರಿಸಿದ. ಕೈಗೆ ಗಾದಿ ಕಟ್ಟಿಕೊಂಡು ಹೊಡೆದಾಡುವುದನ್ನು ಮುದುಕ ಮೊದಲು ಒಪ್ಪಲಿಲ್ಲ. ‘ಪಟ್ಟೇ ಇಲ್ಲದ ಕುಸ್ತಿ’ ಎಂದ. ಆಮೇಲೆ ಮೂರು ಸಲ ಹಚ್ಚಿಸಿ ನೋಡಿದ. ಮುಂದಿನ ಸಲ ಯಾರು ಎಂದು ಕೇಳಿದರೆ ಸಿದ್ಧಾಂತ ತಯಾರಿತ್ತು: ಫ್ಯೂರಿ. ಯಾಕೆಂದರೆ ಸೋತವನು ಅವನು.

ಮುತ್ಯಾನ ಸಿದ್ಧಾಂತಕ್ಕೆ ಇತಿಹಾಸದಲ್ಲಿ ಪುರಾವೆ ಇಲ್ಲದೇ ಇಲ್ಲ. ಕುಸ್ತಿಯವರು ಇಂದಿಗೂ ಹೇಳುವ ಗಾಮಾ ಪೈಲ್ವಾನನ ಕಥೆಯನ್ನೇ ನೋಡಿ. 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಝ್ಬಿಸ್ಕೊ ಎರಡು ಗಂಟೆಗೂ ಮೀರಿ ನೆಲಕ್ಕೆ ಅಂಟಿಕೊಂಡು ಬಿದ್ದು ಗಾಮಾನಿಗೆ ಗೆಲುವು ಸಿಗದಂತೆ ಮಾಡಿದ. ಹದಿನೆಂಟು ವರ್ಷ ಕಳೆದು 1928ರಲ್ಲಿ ಪಟಿಯಾಲದಲ್ಲಿ ಅದೇ ಜೋಡಿ ಮತ್ತೆ ಬಿದ್ದಾಗ ಗಾಮಾ ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. ನೆಲ ಹಿಡಿಯುವವನನ್ನು ನೆಲಕ್ಕೆ ಹೋಗುವ ಮುಂಚೆಯೇ ಹಿಡಿಯಬೇಕೆಂಬುದು ಅವನಿಗೆ ಗೊತ್ತಿತ್ತು.

ಬಾಕ್ಸಿಂಗಿನಲ್ಲಿ ಇದಕ್ಕಿಂತ ಒಳ್ಳೆಯ ಪಾಠವೆಂದರೆ ಅಮೆರಿಕದ ಜೋ ಲೂಯಿಸ್ ಮತ್ತು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಅವರದು. 1936ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಎದುರಾದಾಗ ಲೂಯಿಸ್ ಸೋಲನ್ನೇ ಕಾಣದ ತರುಣ, ಶ್ಮೆಲಿಂಗ್ ಮೂವತ್ತು ದಾಟಿದ ಹಳೆಯ ಚಾಂಪಿಯನ್. ಎಲ್ಲರೂ ಲೂಯಿಸ್ ಎಂದೇ ಹೇಳಿದ್ದರು. ಆದರೆ ಶ್ಮೆಲಿಂಗ್ ಲೂಯಿಸನ ಹಳೆಯ ಪಂದ್ಯಗಳ ಫಿಲಂ ಹಾಕಿಸಿಕೊಂಡು ಮತ್ತೆ ಮತ್ತೆ ನೋಡಿದ್ದ. ಎಡಗೈಯಿಂದ ಗುದ್ದಿದ ಮೇಲೆ ಲೂಯಿಸ್ ಆ ಕೈಯನ್ನು ಮುಖದ ಮುಂದೆ ವಾಪಸು ತರುವ ಬದಲು ಕೆಳಗೆ ಬಿಡುತ್ತಿದ್ದ. ಆ ಒಂದು ಕ್ಷಣದ ಬಾಗಿಲಲ್ಲಿ ಬಲಗೈ ನುಗ್ಗಿಸಬಹುದು. ಹನ್ನೆರಡನೇ ಸುತ್ತಿನಲ್ಲಿ ಲೂಯಿಸ್ ಕೆಳಗೆ ಬಿದ್ದು ಏಳಲಿಲ್ಲ. ಎರಡು ವರ್ಷದ ನಂತರ, 1938ರ ಜೂನ್ 22ರಂದು ಇಬ್ಬರೂ ಮತ್ತೆ ಎದುರಾದಾಗ ಆ ಬಾಗಿಲು ಮುಚ್ಚಿತ್ತು. ಪಂದ್ಯ ನಡೆದದ್ದು ಎರಡು ನಿಮಿಷ ನಾಲ್ಕು ಸೆಕೆಂಡು. ಹಿಟ್ಲರನ ಜರ್ಮನಿಯ ಮೇಲೆ ಅಮೆರಿಕದ ಜಯವೆಂದು ಲೋಕವೆಲ್ಲ ಕೊಂಡಾಡಿದ ಗೆಲುವು ಅದು. ಒಳಗಿನ ಗುಟ್ಟು ಮಾತ್ರ, ಎಡಗೈ ಎಲ್ಲಿರಬೇಕೋ ಅಲ್ಲಿತ್ತು ಎಂಬಷ್ಟೇ.

ಗೆದ್ದವನಿಗೆ ಎಚ್ಚರವಾಗುವುದಿಲ್ಲ ಎಂಬ ಮಾತಿಗೂ ಸಾಕ್ಷಿಯುಂಟು. 2019ರ ಜೂನ್ 1ರಂದು ಆಂಡಿ ರೂಯಿಸ್ ಎಂಬ ಬೊಜ್ಜು ಮೈಯ ಮೆಕ್ಸಿಕನ್ ಮೂಲದವನು, ಬೇರೊಬ್ಬನ ಬದಲಿಗೆ ಕೊನೆ ಗಳಿಗೆಯಲ್ಲಿ ಬಂದವನು, ಆಂಟನಿ ಜೋಶುವಾನನ್ನು ಏಳನೇ ಸುತ್ತಿನಲ್ಲಿ ಮುಗಿಸಿ ಜಗತ್ತನ್ನೇ ಬೆರಗುಗೊಳಿಸಿದ. ಡಿಸೆಂಬರ್ 7ರಂದು ಸೌದಿ ಅರೇಬಿಯದಲ್ಲಿ ಮರುಪಂದ್ಯ. ತೂಕದ ದಿನವೇ ಅರ್ಧ ಉತ್ತರ ಸಿಕ್ಕಿತ್ತು: ರೂಯಿಸ್ ಸುಮಾರು ಏಳು ಕಿಲೋ ಹೆಚ್ಚಾಗಿದ್ದ, ಜೋಶುವಾ ನಾಲ್ಕೂವರೆ ಕಿಲೋ ಇಳಿಸಿದ್ದ. ಆರು ತಿಂಗಳು ಒಬ್ಬ ಸಂಭ್ರಮಿಸಿದ್ದ, ಒಬ್ಬ ಓಡಿದ್ದ. ಜೋಶುವಾ ಹತ್ತಿರ ಹೋಗಿ ಗುದ್ದಾಡುವ ಗೋಜಿಗೇ ಹೋಗಲಿಲ್ಲ. ದೂರದಿಂದಲೇ ಹೊಡೆಯುತ್ತ ಹನ್ನೆರಡು ಸುತ್ತಿನ ಪಂದ್ಯವನ್ನು ತನ್ನದಾಗಿಸಿಕೊಂಡ. ಇದಕ್ಕೂ ಮೊದಲು 2001ರಲ್ಲಿ ಲೆನಾಕ್ಸ್ ಲೂಯಿಸ್ ಇದೇ ದಾರಿಯಲ್ಲಿ ನಡೆದಿದ್ದ. ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕದ ಎತ್ತರದ ಊರಿಗೆ ತಡವಾಗಿ ಹೋಗಿ, ಅರೆ ತಯಾರಿಯಲ್ಲಿ ಹಸೀಮ್ ರೆಹಮಾನನ ಒಂದು ಬಲಗೈ ಏಟಿಗೆ ಮಲಗಿದವನು, ನವೆಂಬರ್‌ನಲ್ಲಿ ನಾಲ್ಕನೇ ಸುತ್ತಿಗೇ ಲೆಕ್ಕ ಚುಕ್ತಾ ಮಾಡಿದ.

ಇಷ್ಟು ಕೇಳಿದರೆ ಸೋತವನೇ ಗೆಲ್ಲುತ್ತಾನೆ ಎಂದು ಯಾರಾದರೂ ಬರೆದುಕೊಟ್ಟಾರು. ಆದರೆ ಅದೇ ಜೋಶುವಾ 2021ರಲ್ಲಿ ಉಸಿಕ್‌ಗೆ ಸೋತ, ತರಬೇತುದಾರನನ್ನು ಬದಲಾಯಿಸಿದ, 2022ರ ಆಗಸ್ಟ್‌ನಲ್ಲಿ ಮೊದಲಿಗಿಂತ ಚೆನ್ನಾಗಿಯೇ ಹೋರಾಡಿದ, ಮತ್ತೂ ಸೋತ. 1996ರಲ್ಲಿ ಹೋಲಿಫೀಲ್ಡ್‌ಗೆ ಸೋತ ಮೈಕ್ ಟೈಸನ್ 1997ರಲ್ಲಿ ಮತ್ತೆ ಬಂದು ಎದುರಾಳಿಯ ಕಿವಿ ಕಚ್ಚಿ ಹೊರಬಿದ್ದ. ನಿದ್ದೆಗೆಟ್ಟರೆ ಸಾಲದು. ನಿದ್ದೆಗೆಟ್ಟು ಏನು ಯೋಚಿಸಿದ ಎಂಬುದು ಮುಖ್ಯ. ಮೊದಲ ಸೋಲಿಗೆ ಕಾರಣ ಆಲಸ್ಯವಾಗಿದ್ದರೆ ಅದನ್ನು ಆರು ತಿಂಗಳಲ್ಲಿ ತಿದ್ದಬಹುದು. ಕೈ ಕೆಳಗಿಳಿಯುವ ಚಾಳಿಯಾಗಿದ್ದರೂ ತಿದ್ದಬಹುದು. ಎದುರಿನವನು ನಿಜಕ್ಕೂ ಮೇಲಿನವನಾಗಿದ್ದರೆ, ಅಥವಾ ಸೋತವನಿಗೆ ಕಾರಣವೇ ತಿಳಿಯದಿದ್ದರೆ, ಎರಡನೇ ಪಂದ್ಯವೆಂದರೆ ಮೊದಲನೆಯದರ ನಕಲು ಅಷ್ಟೇ.

ಹಾಗಾದರೆ ಶಹಾಪುರದ ಹುಡುಗ ಸೋತದ್ದು ಯಾಕೆ?

ಅದನ್ನು ಹುಡುಕಿಕೊಟ್ಟವನು ಯಾದಗಿರಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟ ಹುಡುಗನ ಸೋದರಮಾವ. ಫಲಿತಾಂಶ ಬಂದ ಮೇಲೆ ಪರೀಕ್ಷಾ ಮಂಡಳಿಗೆ ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಸಿಗುತ್ತದೆ. ಇದು ಗೊತ್ತಿರುವವರು ಸಾಮಾನ್ಯವಾಗಿ ಒಂದೆರಡು ಅಂಕ ಹೆಚ್ಚು ಬೇಕಾದ ಜಾಣ ಮಕ್ಕಳ ಪಾಲಕರು. ನಪಾಸಾದವರ ಮನೆಯಲ್ಲಿ ಆ ಪ್ರತಿ ತರಿಸುವವರು ಕಡಿಮೆ. ಸೋತದ್ದನ್ನು ಮತ್ತೇನು ನೋಡುವುದು ಎಂಬ ಸಂಕೋಚ. ಮಾವ ಅರ್ಜಿ ಹಾಕಿದ. ಪ್ರತಿ ಬಂದ ದಿನ ಹುಡುಗ ಶಹಾಪುರದಿಂದ ಬಸ್ಸು ಹತ್ತಿ, ಭೀಮಾ ನದಿ ದಾಟಿ ಯಾದಗಿರಿಗೆ ಹೋದ. ಗಿರಾಕಿಗಳ ಆಧಾರ್ ಕಾರ್ಡು, ಪಹಣಿಗಳ ನಡುವೆ ಅವನ ಗಣಿತ ಪತ್ರಿಕೆಯೂ ಮಷೀನಿನಿಂದ ಹಾಳೆ ಹಾಳೆಯಾಗಿ ಹೊರಬಂತು.

“ನೋಡು, ನಿನ್ನ ಕುಸ್ತಿ” ಎಂದ ಮಾವ.

ಹುಡುಗ ಮೊದಲು ಮುಖ ತಿರುಗಿಸಿದ. ಕೆಂಪು ಗೆರೆ ಎಳೆದ ತನ್ನದೇ ಅಕ್ಷರವನ್ನು ನೋಡುವುದು ಕಷ್ಟ. ಒಂಬತ್ತನೇ ಸುತ್ತಿನ ಫಿಲಂ ನೋಡುವುದು ಫ್ಯೂರಿಗೂ ಕಷ್ಟವಾಗಿರಬೇಕು. ಮಾವ ಅಂಗಡಿಯ ಗದ್ದಲದ ನಡುವೆ ಒಂದೊಂದೇ ಪುಟ ತಿರುವಿದ. ಮೊದಲ ಪುಟಗಳಲ್ಲಿ ಒಂದು ಅಂಕದ ಪ್ರಶ್ನೆಗಳು ಹೆಚ್ಚಿನವು ಸರಿಯಾಗಿದ್ದವು. ಎರಡು ಅಂಕದ ಲೆಕ್ಕಗಳಲ್ಲಿ ಅಲ್ಲಲ್ಲಿ ಚಿಹ್ನೆ ತಪ್ಪಿತ್ತು. ಒಂದು ಲೆಕ್ಕವನ್ನು ಮೂರು ಸಲ ಹೊಡೆದುಹಾಕಿ ನಾಲ್ಕನೇ ಸಲ ಬರೆದಿದ್ದ, ಒಂದು ಪೂರ್ತಿ ಪುಟ ಅದಕ್ಕೇ ಹೋಗಿತ್ತು. ಮುಂದೆ ಹೋದಂತೆ ಅಕ್ಷರ ದೊಡ್ಡದಾಗಿ, ಸೊಟ್ಟವಾಗಿ, ಓಡಿಹೋಗುವವನ ಹೆಜ್ಜೆಯಂತಾಗಿತ್ತು. ಥೇಲ್ಸನ ಪ್ರಮೇಯಕ್ಕೆ ಚಿತ್ರ ಬರೆದು, ದತ್ತ, ಸಾಧನೀಯ ಬರೆದು ಅಲ್ಲಿಗೇ ನಿಂತಿತ್ತು. ಸಮೀಕರಣಗಳ ನಕ್ಷೆ ಬಿಡಿಸುವ ಪ್ರಶ್ನೆಗೆ ನಕ್ಷೆಯ ಹಾಳೆ ಖಾಲಿ.

“ನಕ್ಷಾ ನಿನಗ ಬರ್ತದಲ್ಲೋ?”

“ಬರ್ತದ ಮಾವ. ಅಷ್ಟರಾಗ ಗಂಟಿ ಆಯ್ತು.”

ಬೇಕಿದ್ದದ್ದು ಇನ್ನು ಆರು ಅಂಕ. ಅವು ಆ ಖಾಲಿ ಹಾಳೆಯಲ್ಲೂ ಅರ್ಧಕ್ಕೆ ನಿಂತ ಪ್ರಮೇಯದಲ್ಲೂ ಬಿದ್ದಿದ್ದವು. ಹುಡುಗ ಗಣಿತಕ್ಕೆ ಸೋತಿರಲಿಲ್ಲ, ಗಡಿಯಾರಕ್ಕೆ ಸೋತಿದ್ದ. ಎಲ್ಲ ಹುಡುಗರ ಸೋಲೂ ಇಂಥದೇ ಎಂದಲ್ಲ. ಪತ್ರಿಕೆ ತರಿಸಿ ನೋಡಿದರೆ ಕೆಲವರಿಗೆ ಏಳನೇ ಇಯತ್ತೆಯ ಭಾಗಾಕಾರವೇ ಬಂದಿಲ್ಲವೆಂಬುದು ಗೊತ್ತಾದೀತು. ಅವರಿಗೆ ಒಂದು ತಿಂಗಳು ಸಾಲದು. ಸಾಲುತ್ತದೆಂದು ಹೇಳುವುದು ಅನ್ಯಾಯ. ಆದರೆ ಅದೂ ನೋಡಿದ ಮೇಲಷ್ಟೇ ತಿಳಿಯುವ ಸಂಗತಿ. ಒಳಗೇನಿದೆ ಎಂದು ನೋಡದೆ ಹೇಳುವ ‘ಗಣಿತ ಬರಂಗಿಲ್ಲ’ ಎಂಬ ಮಾತು ಜಾತಕದ ಮಾತಿಗಿಂತ ಹೆಚ್ಚಿನದಲ್ಲ.

ಮುಂದಿನ ದಿನಗಳನ್ನು ಹುಡುಗ ಮುತ್ಯಾನ ಮನೆಯಲ್ಲಿ ಕಳೆದ. ಹಗಲು ಶಾಲೆಯ ವಿಶೇಷ ತರಗತಿಗಾಗಿ ಶಹಾಪುರ, ಸಂಜೆಗೆ ಬಸ್ಸು ಹಿಡಿದು ಸುರಪುರ. ಮುದುಕನಿಗೆ ಗಣಿತದ ಗಂಧವಿಲ್ಲ. ಆದರೆ ಕೊನೆಯ ಗಳಿಗೆಯಲ್ಲಿ ಉಸಿರು ಹಿಡಿಯುವ ಪೈಲ್ವಾನನಿಗೆ ಏನು ಮಾಡಿಸಬೇಕೆಂಬುದು ಗೊತ್ತಿತ್ತು. ಕೈಗಡಿಯಾರ ಎದುರಿಗಿಟ್ಟುಕೊಂಡು ಕೂರುತ್ತಿದ್ದ. ಒಂದು ಲೆಕ್ಕಕ್ಕೆ ಇಷ್ಟು ನಿಮಿಷ. ಮೀರಿದರೆ ಆ ಹಾಳೆ ಮಗುಚಿ ಹಾಕುವುದು.

“ಮುಗಿದಿಲ್ಲ ಮುತ್ಯಾ, ಇನ್ನೊಂದೀಟು.”

“ಪಟ್ಟು ಕೂಡ್ಲಿಲ್ಲ ಅಂದ್ರ ಬಿಡಬೇಕು. ಅದನ್ನ ಹಿಡ್ಕೊಂಡು ಕುಂತ್ರ ಅಂವ ನಿನ್ನ ಎತ್ತಿ ಒಗಿತಾನ. ಮುಂದಿಂದು ನೋಡ.”

ಮೊದಲು ನಕ್ಷೆ, ಆಮೇಲೆ ಪ್ರಮೇಯ, ಅನಂತರ ಉಳಿದದ್ದು. ಅಂದರೆ ಕೊನೆಯಿಂದ ಮೊದಲಿಗೆ ಬರುವುದು. ಮಾಸ್ತರರೊಬ್ಬರು ಇದಕ್ಕೆ ಒಪ್ಪಲಿಲ್ಲ, ಕ್ರಮ ತಪ್ಪಿದರೆ ಗೊಂದಲವಾಗುತ್ತದೆ ಎಂದರು. ಅವರ ಮಾತಿನಲ್ಲೂ ಹುರುಳಿತ್ತು. ಮೊದಲ ನಾಲ್ಕು ದಿನ ಹುಡುಗ ಗೊಂದಲಕ್ಕೂ ಬಿದ್ದ. ಐದನೇ ದಿನದಿಂದ ಕೈ ಕೂಡಿತು.

ತಂದೆ ವಾರಕ್ಕೊಮ್ಮೆ ಬೆಂಗಳೂರಿನಿಂದ ಫೋನು ಮಾಡುತ್ತಿದ್ದ. ಓದಿನ ಮಾತು ಎತ್ತುತ್ತಿರಲಿಲ್ಲ. ಊಟ ಮಾಡಿದೆಯಾ, ಬಿಸಿಲು ಹೇಗಿದೆ ಎಂಬಷ್ಟೇ. ಎತ್ತದೇ ಇದ್ದದ್ದು ಒಳ್ಳೆಯದೇ ಆಯಿತೆನ್ನಬೇಕು. ಪಾಲಕರು ತಿಳಿದೋ ತಿಳಿಯದೆಯೋ ಹೇಳುವ ಭವಿಷ್ಯಕ್ಕೂ ಚಹಾದಂಗಡಿಯ ಭವಿಷ್ಯಕ್ಕೂ ಒಂದು ವ್ಯತ್ಯಾಸವಿದೆ. ಉಸಿಕ್ ಸೋಲುತ್ತಾನೆಂದು ಸುರಪುರದಲ್ಲಿ ಕೂತು ಸಾವಿರ ಮಂದಿ ಹೇಳಿದರೂ ಅದು ಉಸಿಕ್‌ನ ಕಿವಿಗೆ ಬೀಳುವುದಿಲ್ಲ. ಮನೆಯಲ್ಲಿ ಆಡಿದ್ದು ಹುಡುಗನ ಕಿವಿಗೆ ಬೀಳುತ್ತದೆ, ಪರೀಕ್ಷೆಯ ಹಾಲಿನೊಳಕ್ಕೂ ಅವನ ಜೊತೆ ಹೋಗುತ್ತದೆ.

ಜೂನ್ ಮಧ್ಯದಲ್ಲಿ ಪರೀಕ್ಷೆ ನಡೆಯಿತು, ಜುಲೈಯಲ್ಲಿ ಫಲಿತಾಂಶ. ಅಂಕಿ ಅಂಶ ನೋಡಿದರೆ ತಂದೆಯ ಭವಿಷ್ಯಕ್ಕೇ ಬಲ ಹೆಚ್ಚು: ಇಡೀ ರಾಜ್ಯದಲ್ಲಿ ಪರೀಕ್ಷೆ-2ರಲ್ಲಿ ಪಾಸಾದವರು ಸುಮಾರು ಶೇ. 31 ಮಾತ್ರ. ಮೂವರಲ್ಲಿ ಇಬ್ಬರು ಮತ್ತೆ ಬಿದ್ದಿದ್ದರು. ಈ ಹುಡುಗ ಆ ಮೂರನೆಯವನಾದ. ದೊಡ್ಡ ಅಂಕವೇನಲ್ಲ, ಬೇಕಾದ್ದಕ್ಕಿಂತ ಎಂಟು ಹೆಚ್ಚು. ಆ ಸಲವೂ ಒಂದು ಪ್ರಶ್ನೆ ಬಿಟ್ಟಿದ್ದ, ಆದರೆ ನಕ್ಷೆಯನ್ನು ಬಿಟ್ಟಿರಲಿಲ್ಲ.

ಫೋನಿನಲ್ಲಿ ಸುದ್ದಿ ಕೇಳಿದ ತಂದೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದೆ ಕಾಂಕ್ರೀಟ್ ಮಷೀನಿನ ಸದ್ದು ಕೇಳುತ್ತಿತ್ತು. ಆಮೇಲೆ, “ಆ ಪೇಪರಿನ ಝೆರಾಕ್ಸ್ ಅದಾ ಏನ್?” ಎಂದು ಕೇಳಿದ.

“ಯಾವುದು, ಈ ಸಲದ್ದಾ?”

“ಅಲ್ಲ, ಮೊದ್ಲಿಂದು. ನಾ ಊರಿಗಿ ಬಂದಾಗ ತೋರ್ಸು.”

ಹುಡುಗ ಶಹಾಪುರದಲ್ಲೇ ಪಿಯುಸಿಗೆ ಸೇರಿದ, ಕಲಾ ವಿಭಾಗಕ್ಕೆ. ದಸರಾಕ್ಕೆ ಬಂದ ತಂದೆ ಆ ಹಾಳೆಗಳನ್ನು ಒಂದು ಸಂಜೆ ಪೂರ್ತಿ ನೋಡಿದ. ಏನು ಅರ್ಥವಾಯಿತೋ, ಏನೂ ಹೇಳಲಿಲ್ಲ. ಮಡಚಿ ಟ್ರಂಕಿನಲ್ಲಿಟ್ಟ.

ಇತ್ತ ಬಾಕ್ಸಿಂಗಿನ ಮರುಪಂದ್ಯ ಡಿಸೆಂಬರ್ 21ಕ್ಕೆ ನಿಗದಿಯಾಯಿತು, ಮತ್ತೆ ರಿಯಾದಿನಲ್ಲೇ. ಮುತ್ಯಾ ಮತ್ತು ಮೊಮ್ಮಗನ ನಡುವೆ ಒಂದು ತೆಂಗಿನಕಾಯಿಯ ಪಂಥ. ಮುತ್ಯಾನದು ಹಳೆಯ ಸಿದ್ಧಾಂತವಷ್ಟೇ ಅಲ್ಲ, ಈಗ ಅದಕ್ಕೊಂದು ಪುರಾವೆಯೂ ಸಿಕ್ಕಿತ್ತು: ಇದೇ ಫ್ಯೂರಿ 2018ರಲ್ಲಿ ಡಿಯೊಂಟೆ ವೈಲ್ಡರ್ ಜೊತೆ ಸಮ ಮಾಡಿಕೊಂಡು, 2020ರ ಮರುಪಂದ್ಯದಲ್ಲಿ ಏಳನೇ ಸುತ್ತಿಗೆ ಅವನನ್ನು ಮುಗಿಸಿದ್ದ. ಎರಡನೇ ಸಲಕ್ಕೆ ಕಲಿತು ಬರುವವನು ಅವನು. ಜೊತೆಗೆ ನಿನ್ನಂಥ ಹುಡುಗನೇ ಎರಡನೇ ಸಲ ಗೆದ್ದ ಮೇಲೆ ಫ್ಯೂರಿ ಗೆಲ್ಲನೇ ಎಂಬ ವಾದ ಬೇರೆ.

ಹುಡುಗ ಉಸಿಕ್ ಎಂದ. ಮುತ್ಯಾ ಕಾರಣ ಕೇಳಿದ.

“ತೂಕ ನೋಡಿಲ್ಲೇನು? ಹಿಂದಿನ ಸಲ 262 ಪೌಂಡ್ ಇದ್ದ, ಈಗ 281.”

ಬಟ್ಟೆ ತೊಟ್ಟೇ ತೂಗಿದ್ದರೂ ಅದು ಫ್ಯೂರಿ ತನ್ನ ಜೀವಮಾನದಲ್ಲಿ ತೂಗಿದ ಅತಿ ಹೆಚ್ಚು ತೂಕ. ಎದುರಿನ ಉಸಿಕ್ 226. ಐವತ್ತೈದು ಪೌಂಡು ಅಂದರೆ ಹೆಚ್ಚುಕಡಿಮೆ ಇಪ್ಪತ್ತೈದು ಕಿಲೋ ವ್ಯತ್ಯಾಸ.

“ಮೈ ಬಂದ್ರ ಚಲೋನೇ ಆಯ್ತಲ್ಲ. ಮ್ಯಾಲ ಬಿದ್ದು ಒತ್ತತಾನ.”

“ಅಂವ ಸೋತದ್ದು ಮೈ ಕಮ್ಮಿ ಆಗಿ ಅಲ್ಲ ಮುತ್ಯಾ. ಏಳನೇದ್ರ ತನಕ ಮುಂದ ಇದ್ದ. ಎಂಟನೇದ್ರಾಗ ಕಾಲು ನಿಂತ್ವು. ಕಾಲು ನಿಂತಾಂವ ಮೈ ಹೆಚ್ಚ ಮಾಡ್ಕೊಂಡು ಬಂದ್ರ ಕಡೀಗಿ ಹ್ಯಾಂಗ ಓಡ್ತಾನ? ಉಸಿಕ್‌ಗ ಕಡೀ ಸುತ್ತಿನಾಗೂ ಉಸಿರ ಅದ.”

ಮುದುಕ ಮೊಮ್ಮಗನ ಮುಖವನ್ನೇ ನೋಡಿದ. ಪಂಥ ಮಾತ್ರ ಬಿಡಲಿಲ್ಲ.

ಡಿಸೆಂಬರ್ 22ರ ನಸುಕಿನಲ್ಲಿ ಫಲಿತಾಂಶ ಬಂತು. ಮೂವರು ತೀರ್ಪುಗಾರರೂ ಒಂದೇ ಅಂಕ ಬರೆದಿದ್ದರು: 116-112, ಉಸಿಕ್. ಮೊದಲ ಸಲ ಒಬ್ಬ ತೀರ್ಪುಗಾರನಾದರೂ ಫ್ಯೂರಿಯ ಕಡೆಗಿದ್ದ, ಈ ಸಲ ಒಬ್ಬನೂ ಇರಲಿಲ್ಲ. ಫ್ಯೂರಿ ಒಪ್ಪಲಿಲ್ಲ, ಗೆದ್ದದ್ದು ತಾನೇ ಎಂದ. “ಬಿದ್ದಾಂವಗ ಪಂಚರ ಮ್ಯಾಲ ಸಿಟ್ಟು ಯಾವಾಗ್ಲೂ ಇದ್ದದ್ದೇ” ಎಂದು ಮುತ್ಯಾ ಗೊಣಗಿದ. ತಾನೂ ಹರೆಯದಲ್ಲಿ ಒಬ್ಬ ಪಂಚನ ಮೇಲೆ ಇಂಥದೇ ಸಿಟ್ಟು ಇಟ್ಟುಕೊಂಡಿದ್ದನ್ನು ಹೇಳಿದ, ಯಾವ ಜಾತ್ರೆಯಲ್ಲಿ ಎಂದು ಹೇಳಲಿಲ್ಲ.

ಕಾಯಿ ಒಡೆದು ಹೋಳು ಮಾಡಿ ಕೊಟ್ಟ. ಆಮೇಲೆ ಮೊಬೈಲು ಹುಡುಗನ ಕೈಗೆ ದಾಟಿಸಿ, “ಮೊದ್ಲಿಂದ ಬ್ಯಾಡ. ಎಂಟನೇದರಿಂದ ಹಚ್ಚು, ಕಾಲು ನೋಡಬೇಕು” ಎಂದ.